ಗೋಡೆ ತೆಳ್ಳಗಿರಲಿ

ಫೆಬ್ರವರಿ 9

ಮಗಳೇ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿಯೇ ಇರುತ್ತೀಯ ಅಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನಿನಲ್ಲಿ ನೀನು ಒಂದು ಕಿವಿಯಿಂದ ನನ್ನ ಮಾತು ಕೇಳುತ್ತಾ ಕೈಯಲ್ಲಿ ಗೆರೆ ಎಳೆಯುತ್ತಿರುತ್ತೀಯ. ಹೂಂ ಅನ್ನಬೇಕಾದ ಕಡೆ ಉಹೂಂ ಅನ್ನುತ್ತೀಯ. ಕಾಗದವಾದರೆ ಕೂತು ಓದಲೇಬೇಕು.

ನಿಮ್ಮವರು ನಮ್ಮ ಹೊಳೆಬೀದಿಗೆ ಬಂದರು. ರಾಜ್ಯದ ಊರೂರು ತಿರುಗಿ, ಜನರ ಜೊತೆ ಕೂತು ಬೀದಿ ಮನೆಗಳ ನಕ್ಷೆ ಮಾಡಿಕೊಡುವ ನಿಮ್ಮ ಆರ್ಕಿಟೆಕ್ಟರ ತಂಡ ಕೊನೆಗೂ ನಮ್ಮ ಬಾಗಿಲಿಗೆ ಬಂತು, ನೀನು ಬರಲಿಲ್ಲ. ನಿನ್ನ ಬದಲು ಬಂದವನು ಒಬ್ಬ ಉದ್ದನೆಯ ಆಸಾಮಿ. ಒಳಗೆ ಬರುವಾಗ ತಲೆ ಬಗ್ಗಿಸುವುದನ್ನು ಮರೆತು ಹಣೆ ಚಚ್ಚಿಕೊಂಡ. "ಈ ಬಾಗಿಲು ಯಾರು ಮಾಡಿದ್ದಮ್ಮಾ?" ಅಂದ. "ನಿನ್ನಷ್ಟು ಉದ್ದ ಇಲ್ಲದೋರು" ಅಂದೆ. ಸಂಜೆಯೊಳಗೆ ಬೀದಿಯವರೆಲ್ಲ ಅವನಿಗೆ ಏಣಿ ಎಂದು ಹೆಸರಿಟ್ಟರು. ಒಳ್ಳೆಯವನು. ಹಾಗೆ ಕರೆದರೆ ತಿರುಗಿ ನೋಡುತ್ತಾನೆ.

ವಿಷಯ ಇದು. ಬೀದಿಗೆ ಬೀದಿಯೇ ಎದ್ದು ಇಟ್ಟಿಗೆ ಭಟ್ಟಿಯ ದಿಬ್ಬಕ್ಕೆ ಹೋಗಬೇಕಂತೆ. ಹೊಳೆ ಪ್ರತಿ ಸಲ ಒಳಗೆ ಬಂದು ನನ್ನ ಹೊಲಿಗೆ ಯಂತ್ರದ ಪೆಡಲನ್ನು ಮುಟ್ಟಿ ಹೋಗುವುದು ನಿನಗೆ ಗೊತ್ತಲ್ಲ. ಹೋದ ಸಲ ಪೆಡಲು ದಾಟಿ ಸೂಜಿಯವರೆಗೂ ಬಂತು. ಇನ್ನು ಮೇಲೆ ಈ ಜಾಗವನ್ನು ಹೊಳೆಗೇ ಬಿಟ್ಟು, ಜೊಂಡು ಬೆಳೆಸಿ, ನೀರು ಇಲ್ಲೇ ನಿಲ್ಲುವ ಹಾಗೆ ಮಾಡುತ್ತಾರಂತೆ. ಮನೆ ಸರ್ಕಾರ ಕಟ್ಟಿಸುತ್ತದೆ, ಹೇಗೆ ಕಟ್ಟಬೇಕು ಎಂದು ನಿಮ್ಮವರು ನಮ್ಮನ್ನು ಕೇಳಿ ಹೇಳುತ್ತಾರೆ.

"ನನ್ನ ಮಗಳು ಯಾಕೆ ಬರಲಿಲ್ಲ?" ಎಂದು ಎಲ್ಲರೆದುರೇ ಕೇಳಿದೆ. "ನಮ್ಮಲ್ಲಿ ಯಾರೂ ಸ್ವಂತ ಊರಿನ ನಕ್ಷೆ ಮುಟ್ಟೋ ಹಾಗಿಲ್ಲ, ನಿಯಮ" ಅಂದ ಏಣಿ. ಡಾಕ್ಟರ ತಾಯಿಗೆ ಡಾಕ್ಟರು ಔಷಧ ಕೊಡುವುದಿಲ್ಲವೇ? ನಾನು ನನ್ನ ಬಟ್ಟೆ ನಾನೇ ಹೊಲಿದುಕೊಳ್ಳುವುದಿಲ್ಲವೇ? ಇಂಥ ನಿಯಮ ಮಾಡಿದವರನ್ನು ನನ್ನ ಮುಂದೆ ತಂದು ನಿಲ್ಲಿಸು.

ಸಭೆಗೆ ಗೋಡೆಯಾಚೆಯವಳೂ ಬಂದಿದ್ದಳು. ಹಿಂದಿನ ಸಾಲಿನಲ್ಲಿ ಕೂತು ಯಾರದೋ ಕೈಗಡಿಯಾರ ಬಿಚ್ಚುತ್ತಿದ್ದಳು. ಅಷ್ಟೆ, ಅವಳ ವಿಷಯ ಇನ್ನು ಬರೆಯುವುದಿಲ್ಲ.

ಇಂತಿ,
ನಿನ್ನ ಅಮ್ಮ


ಫೆಬ್ರವರಿ 27

ಅಮ್ಮಾ,

ಕೂತೇ ಓದಿದೆ. ನಗು ಬಂದಾಗ ಒಂದು ಸಲ ಎದ್ದು ನಿಂತೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ಆ ನಿಯಮ ಮಾಡಿದ್ದು ನಮ್ಮ ತಂಡದ ಹಿರಿಯಕ್ಕ. ಅವರು ಬಹಳ ಹಿಂದೆ ತಮ್ಮ ಊರಿನ ನಕ್ಷೆ ತಾವೇ ಮಾಡಿದ್ದರಂತೆ. ಎಲ್ಲರೂ ಭೇಷ್ ಅಂದರಂತೆ. ಊರು ಕಟ್ಟಿ ಮುಗಿದ ಮೇಲೆ ನೋಡಿದರೆ ನೆರಳಿರುವ ಹಾದಿಗಳೆಲ್ಲ ಅವರ ಅಪ್ಪನ ಮನೆಗೇ ಹೋಗಿ ಮುಟ್ಟುತ್ತಿದ್ದವಂತೆ! ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಆ ಕಡೆಗೇ ಹೋಯಿತು ಎನ್ನುತ್ತಾರೆ. ನನ್ನ ಕೈಗೆ ಬಿಟ್ಟರೆ ನಾನಂತೂ ಹೊಳೆಯನ್ನೇ ಎತ್ತಿ ಪಕ್ಕಕ್ಕೆ ಇಟ್ಟುಬಿಡುತ್ತೇನೆ. ಅದಕ್ಕೇ ನಿನಗೆ ಏಣಿಯೇ ಸರಿ.

ನಾನೀಗ ಇರುವುದು ಒಂದು ಬಯಲೂರಿನಲ್ಲಿ. ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಹಿಡಿ ನೆರಳಿಲ್ಲ. ಕಾಯಿಲೆಯವರು ಗೋಡೆ ಹಿಡಿದುಕೊಂಡು ನಡೆಯುತ್ತಾರೆ, ಗೋಡೆಯೂ ಕಾದಿರುತ್ತದೆ. ಜನ ನಮ್ಮಿಂದ ಏನೋ ದೊಡ್ಡ ಕಟ್ಟಡ ಬರುತ್ತದೆ ಎಂದು ಕಾದಿದ್ದರು. ನಾವು ಆಸ್ಪತ್ರೆಯ ಬಾಗಿಲನ್ನು ಹಿಂದಿನ ಓಣಿಗೆ ತಿರುಗಿಸಿ, ಓಣಿಯುದ್ದಕ್ಕೂ ಚಪ್ಪರ ಹಾಕಿ, ನಡುನಡುವೆ ಕೂರಲು ಕಟ್ಟೆ ಮಾಡಿ ಎಂದೆವು. "ಇಷ್ಟೇನಾ?" ಅಂದರು ನಗರಸಭೆಯ ಅಧ್ಯಕ್ಷರು, ಮದುವೆಗೆ ಬಂದು ಬರೀ ನೀರು ಕುಡಿದು ಹೊರಟವರ ಮುಖ ಮಾಡಿಕೊಂಡು. ಮೊನ್ನೆ ಅವರೇ ಆ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು.

ಇನ್ನು ಕೆಲವೇ ದಿನಗಳಲ್ಲಿ ಏಣಿ ನಿಮಗೆಲ್ಲ ಒಂದೊಂದು ಮರದ ಮನೆ ಕೊಡುತ್ತಾನೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ನೆಲದ ಮೇಲೆ ದಿಬ್ಬದ ನಕ್ಷೆ ಬರೆದಿರುತ್ತಾರೆ. ನಿಮ್ಮ ನಿಮ್ಮ ಮನೆಯನ್ನು ನಿಮಗೆ ಬೇಕಾದ ಕಡೆ, ಬೇಕಾದವರ ಪಕ್ಕ ಇಡಬೇಕು. ಇದು ಆಟವಲ್ಲ ಅಮ್ಮಾ. ಇನ್ನೊಂದು ಊರಿನಲ್ಲಿ ಯಾರೋ ಚೀಟಿ ಎತ್ತಿಸಿ ಮನೆ ಹಂಚಿದ್ದರು. ಮನೆಗಳೇನೋ ಚೆಂದ. ಆದರೆ ಬೆಳಿಗ್ಗೆ ಆದರೆ ಸಾಕು, ಜನ ಬೀಗ ಹಾಕಿ ಬಸ್ ಹತ್ತಿ ಹಳೇ ಬೀದಿಗೆ ಹೋಗಿ ಮುರಿದ ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆದು ಬರುತ್ತಿದ್ದರು. ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಮನೆಯ ಒಂದು ಭಾಗವೇ ಎಂದು ನಮಗೆ ತಿಳಿದದ್ದು ಅವರಿಂದ.

ನೀನು ಬರೆಯುವುದಿಲ್ಲ ಎಂದು ಗೊತ್ತು. ಆದರೂ ಕೇಳುತ್ತೇನೆ. ಗಡಿಯಾರದತ್ತೆ ಹೇಗಿದ್ದಾರೆ?

ಪ್ರೀತಿಯಿಂದ,
ನಿನ್ನ ಮಗಳು


ಮಾರ್ಚ್ 22

ಮಗಳೇ,

ಮರದ ಮನೆ ಇಟ್ಟು ಬಂದೆ.

ಶಾಲೆಯ ಹಾಲಿನಲ್ಲಿ ನೆಲದ ತುಂಬ ದಿಬ್ಬ ಬರೆದಿದ್ದರು. ಮೇಲ್ತುದಿಗೆ ನೀರಿನ ಟ್ಯಾಂಕು, ಕೆಳತುದಿಗೆ ಬಸ್ ನಿಲ್ದಾಣ, ಮಧ್ಯೆ ಒಂದು ಕೊಳ. ಚಪ್ಪಲಿ ಹೊರಗೆ ಬಿಟ್ಟು ಎಲ್ಲರೂ ದಿಬ್ಬದ ಮೇಲೆ ಓಡಾಡಿದೆವು. ದಿನಸಿ ಅಂಗಡಿಯವನು ಕೊಳದ ಮಧ್ಯೆ ನಿಂತು ಭಾಷಣ ಮಾಡಿದ. "ಮುಳುಗ್ತೀಯ, ಈಚೆ ಬಾ" ಎಂದು ಅವನ ಹೆಂಡತಿ ಕೂಗಿದಳು. ಬಹಳ ದಿನದ ಮೇಲೆ ಬೀದಿಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ನನ್ನ ಮನೆಗೆ ನೀಲಿ ಬಣ್ಣ ಬಳಿದಿದ್ದೆ. ಹೆಸರು ಕರೆದಾಗ ಹೋಗಿ ನೀರಿನ ಟ್ಯಾಂಕಿನ ಪಕ್ಕ, ತುತ್ತತುದಿಯಲ್ಲಿ ಇಟ್ಟೆ. ಅಲ್ಲಿ ಗಾಳಿ ಬೆಳಕು ಚೆನ್ನಾಗಿರುತ್ತದೆ. ಪಕ್ಕದ ಜಾಗ ಖಾಲಿ ಇತ್ತು. ಇರಲಿ ಎಂದು ಬಂದು ಕೂತೆ. ಗೋಡೆಯಾಚೆಯವಳ ಸರದಿ ಬಂತು. ಅವಳದು ಬಣ್ಣವಿಲ್ಲದ ಮನೆ, ಕೊಟ್ಟಂತೆಯೇ ತಂದಿದ್ದಳು. ದಿಬ್ಬದ ನಡುವೆ ನಿಂತು ಮೇಲೆ ನೋಡಿದಳು, ಕೆಳಗೆ ನೋಡಿದಳು. ಆಮೇಲೆ ನೆಟ್ಟಗೆ ಇಳಿದು ಹೋಗಿ ಬಸ್ ನಿಲ್ದಾಣದ ಪಕ್ಕ ಇಟ್ಟುಬಿಟ್ಟಳು. ಇನ್ನೂ ದೂರ ಇಡಬೇಕೆಂದರೆ ನಕ್ಷೆಯಿಂದ ಆಚೆ ಹೋಗಬೇಕಿತ್ತು.

ಒಳ್ಳೆಯದೇ ಆಯಿತು. ಇನ್ನಾದರೂ ನೆಮ್ಮದಿಯಾಗಿ ಇರಬಹುದು. ಅವಳ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತಿಗೆ ಬಡಿದುಕೊಳ್ಳುತ್ತವೆ, ರಿಪೇರಿಗೆ ಬಂದವಲ್ಲವೇ. ಕಿವಿ ತೂತು ಬೀಳುತ್ತದೆ.

ಹೊಸ ಮನೆಗಳ ಗೋಡೆ ದಪ್ಪವಂತೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಪಕ್ಕದ ಮನೆಯ ಒಂದು ಸದ್ದೂ ಕೇಳುವುದಿಲ್ಲ ಅಂದ ಏಣಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು, "ಪಕ್ಕದ ಮನೆಯಲ್ಲಿ ಯಾರಾದ್ರೂ ಬಿದ್ರೆ ಹೇಗೆ ಗೊತ್ತಾಗತ್ತೆ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದು. ಹೋದ ಚಳಿಗಾಲ ಆಚೆ ಕಡೆ ಗಡಿಯಾರಗಳು ಒಂದೊಂದಾಗಿ ನಿಂತುಹೋದವು, ಕೀ ಕೊಡುವವಳು ಹಾಸಿಗೆ ಹಿಡಿದಿದ್ದಳು. ಆಗ ನಾನು ಗಂಜಿ ಪಾತ್ರೆಯನ್ನು ಅವಳ ಹೊಸ್ತಿಲ ಮೇಲಿಟ್ಟು ಬರುತ್ತಿದ್ದೆ. ಮಾತಾಡಲಿಲ್ಲ. ತೊಳೆದ ಪಾತ್ರೆ ನನ್ನ ಹೊಸ್ತಿಲಿಗೆ ಬರುತ್ತಿತ್ತು. ದಪ್ಪ ಗೋಡೆಯಾಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಷ್ಟೆ.

"ಗೋಡೆ ತೆಳ್ಳಗೆ ಇರ್ಲಿ ಅನ್ನೋರು ನೀವೊಬ್ಬರೇ" ಅಂದ ಏಣಿ. ನಿಮ್ಮ ಕೆಲಸದಲ್ಲಿ ಗೋಡೆಯನ್ನು ತೆಳ್ಳಗೆ ಮಾಡಲು ಬರುತ್ತದೋ ಇಲ್ಲವೋ? ನಿಯಮ ಮುರಿಯಬೇಡ, ಬರುತ್ತದೆ ಅಥವಾ ಇಲ್ಲ ಎಂದಷ್ಟೇ ಬರೆ.

ಇಂತಿ,
ನಿನ್ನ ಅಮ್ಮ


ಏಪ್ರಿಲ್ 14

ಅಮ್ಮಾ,

ಗೋಡೆಯ ವಿಷಯ ಏಣಿಯನ್ನೇ ಕೇಳು. ನಿನಗೆ ಅವನಿದ್ದಾನೆ.

ನಾವೀಗ ಬೆಟ್ಟದ ಊರೊಂದಕ್ಕೆ ಬಂದಿದ್ದೇವೆ. ಮುಚ್ಚಿಹೋದ ಒಂದು ಗಿರಣಿಯನ್ನು ಕೆಡವಿ ಹೊಸದು ಕಟ್ಟಬೇಕೆಂದು ಕರೆಸಿದ್ದರು. ಅಷ್ಟು ಕಲ್ಲು, ಅಷ್ಟು ತೊಲೆ, ಎಲ್ಲ ಗಟ್ಟಿಮುಟ್ಟಾಗಿದೆ. ಕೆಡವುವುದು ಬೇಡ, ಕೆಳಗೆ ಅಂಗಡಿ, ಮೇಲೆ ಮನೆಗಳು ಮಾಡೋಣ ಎಂದಿದ್ದೇವೆ. ಅಲ್ಲಿ ಕೆಲಸ ಮಾಡಿದ್ದ ಇಬ್ಬರು ಹೆಂಗಸರು ತಾವು ನಿಲ್ಲುತ್ತಿದ್ದ ಕಿಟಕಿಯನ್ನು ತೋರಿಸಿದರು. ಅದೇ ಕಿಟಕಿಯ ಮನೆ ಬೇಕಂತೆ. ಇಬ್ಬರಿಗೂ ಅದೇ ಕಿಟಕಿ. ನಾನು ಮಧ್ಯೆ ಸಿಕ್ಕಿಕೊಂಡು ಒದ್ದಾಡುತ್ತಿದ್ದೇನೆ.

ನಾನಿರುವುದು ಬಾಡಿಗೆ ಕೋಣೆ. ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಎಂದು ಗೊತ್ತಿಲ್ಲ. ಊರೂರಿಗೆ ಹೋಗಿ "ನಿಮ್ಮ ಪಕ್ಕ ಯಾರಿರಬೇಕು?" ಎಂದು ಕೇಳುವವಳು ನಾನು. ನಿನ್ನ ಕಾಗದ ಓದಿದ ಮೇಲೆ ಅದು ಯೋಚನೆಗೆ ಬಂತು.

ಆ ಕಾಗದದಲ್ಲಿ ನೀನು ನಿನ್ನ ಮನೆಗೆ ಎಷ್ಟು ಕಿಟಕಿ ಬೇಕು, ಅಡುಗೆಮನೆ ಎಲ್ಲಿರಬೇಕು ಎಂದು ಒಂದು ಮಾತೂ ಬರೆದಿಲ್ಲ. ಬರೀ ಒಂದು ಗೋಡೆಯ ಬಗ್ಗೆಯೇ ಬರೆದಿದ್ದೀಯ. ನಿನಗೆ ಗಡಿಯಾರದತ್ತೆಯ ಮೇಲೆ ಇನ್ನೂ ಸಿಟ್ಟು ಇದೆಯೇ?

ನಿನ್ನ ಮಗಳು


ಮೇ 18

ಮಗಳೇ,

ಉತ್ತರ ತಡವಾಯಿತು. ಬರೆಯಬಾರದು ಅಂತಲೇ ಇದ್ದೆ.

ಸಿಟ್ಟು ಇದೆ. ನೀನು ಆರ್ಕಿಟೆಕ್ಟ್ ಓದಲು ಹೋಗುತ್ತೀಯ ಎಂದು ಬೀದಿಯಲ್ಲಿ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಆ ದಿನ ಮಧ್ಯಾಹ್ನ ನಾನು ಯಾರದೋ ರವಿಕೆಗೆ ಗುಂಡಿ ಹಾಕುತ್ತಾ ಕೂತಿದ್ದೆ. ಅವಳು ಬಂದು ನಿಂತು, "ರೈಲು ಹೊರಡ್ತು, ನಾನೇ ಹತ್ತಿಸಿ ಬಂದೆ. ಅವಳು ಓದ್ಲಿ ಬಿಡು" ಅಂದಳು. ಹೊರಟ ಮೇಲೆ ಬಂದು ಹೇಳಿದಳು! ನಿನ್ನ ಅಪ್ಪ ತೀರಿಕೊಂಡಾಗ ನನ್ನ ಜೊತೆ ಗೋಡೆಗೆ ಒರಗಿ ಕೂತವಳು, ಅವಳ ಮನೆ ಉಪ್ಪು ನನ್ನ ಮನೆ ಸಕ್ಕರೆ ಎಂದು ಬೇರೆ ಮಾಡದವಳು, ಹೀಗೆ ಮಾಡಿದಳು.

ಮೊದಲೇ ಹೇಳಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ. ಅಳುತ್ತಿದ್ದೆ, ಅದು ಬೇರೆ ಮಾತು. ಅತ್ತುಕೊಂಡೇ ನಿನಗೊಂದು ಕೋಟು ಹೊಲಿದು ಕೊಡುತ್ತಿದ್ದೆ. ನಿನಗೆ ಚಳಿಗಾಲಕ್ಕೆಂದು ಬಟ್ಟೆ ತಂದು ಇಟ್ಟಿದ್ದೆ ಕೂಡ, ಬೂದು ಬಣ್ಣದ್ದು. ಈಗಲೂ ಪೆಟ್ಟಿಗೆಯಲ್ಲಿದೆ.

ನಿನ್ನ ಮೇಲೆ ಯಾಕೆ ಸಿಟ್ಟು ಮಾಡಲಿಲ್ಲ ಎಂದು ನೀನು ಯಾವತ್ತೂ ಕೇಳಲಿಲ್ಲ. ನಾನೇ ಹೇಳಿಬಿಡುತ್ತೇನೆ. ನಿನ್ನ ಮೇಲೆ ಸಿಟ್ಟು ಮಾಡಿದರೆ ನೀನು ತಿರುಗಿ ಬರುವುದೇ ಇಲ್ಲವೇನೋ ಎಂಬ ಭಯ. ಅವಳ ಮೇಲೆ ಸಿಟ್ಟು ಮಾಡಿದರೆ ಅವಳು ಎಲ್ಲಿಗೆ ಹೋಗುತ್ತಾಳೆ? ಗೋಡೆಯ ಆಚೆ ಕಡೆ ಇದ್ದೇ ಇರುತ್ತಾಳೆ. ಅಷ್ಟು ಧೈರ್ಯದ ಮೇಲೆ ಇಷ್ಟು ವರ್ಷ ಸಿಟ್ಟು ಮಾಡಿಕೊಂಡು ಬಂದೆ. ಈಗ ನೋಡಿದರೆ ಅವಳೂ ಬಸ್ ನಿಲ್ದಾಣದ ಹತ್ತಿರ ಹೋಗಿ ನಿಂತಿದ್ದಾಳೆ.

ಈ ವಿಷಯ ಇಲ್ಲಿಗೆ ಸಾಕು.

ಇಂತಿ,
ಅಮ್ಮ

ಮರೆತಿದ್ದೆ. ಶಾಲೆಯ ಹಾಲಿಗೆ ಹೋಗಿ ನನ್ನ ನೀಲಿ ಮನೆಯ ಧೂಳು ಒರೆಸಿ ಬಂದೆ. ಬೇರೆಯವರ ಮನೆ ಮುಟ್ಟುವ ಹಾಗಿಲ್ಲ, ಅದಕ್ಕೇ ಅವಳದು ಧೂಳು ಹಿಡಿದೇ ಇದೆ.


ಜೂನ್ 30

ಮಗಳೇ,

ನನ್ನ ಮಾನ ಹರಾಜಾಯಿತು. ಎಲ್ಲ ನಿಮ್ಮ ಮರದ ಮನೆಗಳಿಂದ.

ಇಟ್ಟ ಮನೆಯನ್ನು ಬದಲಾಯಿಸಬಹುದು ಎಂದು ಹೇಳಿದ್ದರಲ್ಲ, ಮೊದಮೊದಲು ಯಾರು ಬೇಕಾದರೂ ಬಂದು ತಮ್ಮ ಮನೆ ಎತ್ತಿಡುತ್ತಿದ್ದರು. ದಿನಸಿ ಅಂಗಡಿಯವನು ಮೇಷ್ಟ್ರ ಪಕ್ಕ ಬರುವುದು, ಮೇಷ್ಟ್ರು ಎದ್ದು ಇನ್ನೊಂದು ಕಡೆ ಹೋಗುವುದು, ಇವನು ಅಲ್ಲಿಗೂ ಬರುವುದು. ಶಾಲೆಯ ಹಾಲ್ ಕುರ್ಚಿಯಾಟದ ಮೈದಾನವಾಯಿತು. ಅದಕ್ಕೆ ಏಣಿ ಒಂದು ಕಟ್ಟಳೆ ಮಾಡಿದ. ಬದಲಾಯಿಸುವವರು ಅವನ ಕಿವಿಯಲ್ಲಿ ಹೇಳಬೇಕು, ಅವನು ಯಾರಿಗೂ ಬಾಯಿ ಬಿಡುವುದಿಲ್ಲ. ತಿಂಗಳ ಕೊನೆಯ ಭಾನುವಾರ ಎಲ್ಲರೆದುರು ಎಲ್ಲ ಮನೆಗಳನ್ನೂ ಒಟ್ಟಿಗೆ ಎತ್ತಿಡುತ್ತಾನೆ.

ನಾನು ಹೋಗಿ ಅವನ ಕಿವಿಯಲ್ಲಿ ಹೇಳಿದೆ, ಅವನು ಬಗ್ಗಿದ ಮೇಲೆ. ನನ್ನ ಮನೆಯನ್ನು ಬಸ್ ನಿಲ್ದಾಣದ ಹತ್ತಿರ ಇಡು ಎಂದೆ. ನನ್ನ ಮಂಡಿ ನಿನಗೆ ಗೊತ್ತು. ದಿಬ್ಬ ಹತ್ತುವುದಕ್ಕೆ ಆಗುವುದಿಲ್ಲ. ಗಿರಾಕಿಗಳಿಗೂ ಹತ್ತಿರ. ಬೇರೆ ಕಾರಣ ಹುಡುಕಬೇಡ.

ಭಾನುವಾರ ಏಣಿ ನಮ್ಮ ಸರದಿಗೆ ಬಂದಾಗ ಒಂದು ಕೈಯಲ್ಲಿ ನನ್ನ ನೀಲಿ ಮನೆ, ಇನ್ನೊಂದು ಕೈಯಲ್ಲಿ ಅವಳ ಬಣ್ಣವಿಲ್ಲದ ಮನೆ ಹಿಡಿದು ಕಂಬದ ಹಾಗೆ ನಿಂತುಬಿಟ್ಟ. ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ನನ್ನದನ್ನು ಬಸ್ ನಿಲ್ದಾಣದ ಹತ್ತಿರ ಇಟ್ಟ. ಅವಳದನ್ನು ತೆಗೆದುಕೊಂಡು ಹೋಗಿ ಟ್ಯಾಂಕಿನ ಪಕ್ಕ ಇಟ್ಟ!

ನೋಡಿದೆಯಾ? ನಾನು ಹತ್ತಿರ ಬಂದೆ ಎಂದರೆ ಅವಳು ಓಡಿಹೋಗುತ್ತಾಳೆ. ಯಾರೋ ಅವಳಿಗೆ ಮೊದಲೇ ಸುಳಿವು ಕೊಟ್ಟಿದ್ದಾರೆ. ನಾನು ಕ್ಷೌರದಂಗಡಿಯವನಿಗೆ ಒಂದು ಮಾತು ಹೇಳಿದ್ದೆ, ಅವನ ಬಾಯಲ್ಲಿ ಏನು ನಿಲ್ಲುತ್ತದೆ? ಇಡೀ ಬೀದಿಯೆದುರು ನನ್ನ ಮುಖಕ್ಕೆ ಮಂಗಳಾರತಿ ಎತ್ತಿದ ಹಾಗಾಯಿತು.

ಬರುವ ತಿಂಗಳ ಕೊನೆಯ ಭಾನುವಾರವೇ ಕಡೇ ಬದಲಾವಣೆ. ಆಮೇಲೆ ಎಲ್ಲಿದ್ದರೆ ಅಲ್ಲೇ, ಹಾಗೆಯೇ ಕಟ್ಟುತ್ತಾರೆ. ನಾನಂತೂ ಇನ್ನು ಅಲ್ಲಾಡುವುದಿಲ್ಲ. ಅವಳು ಮೇಲಿರಲಿ, ನಾನು ಕೆಳಗಿರುತ್ತೇನೆ, ಮಧ್ಯೆ ಕೊಳ ಇರಲಿ.

ಇಂತಿ,
ಅಮ್ಮ


ಜುಲೈ 11

ಅಮ್ಮಾ,

ಏಣಿ ನನಗೆ ಏನೂ ಹೇಳಿಲ್ಲ, ಹೇಳುವವನೂ ಅಲ್ಲ. ನಾನೂ ಕೇಳಿಲ್ಲ. ಇದನ್ನು ಆರ್ಕಿಟೆಕ್ಟ್ ಆಗಿ ಬರೆಯುತ್ತಿಲ್ಲ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಾಗಿ, ನಿನ್ನ ಕಾಗದ ಓದಿದವಳಾಗಿ ಬರೆಯುತ್ತಿದ್ದೇನೆ. ನಿಯಮ ಇದಕ್ಕೂ ಅಡ್ಡ ಬರುತ್ತದೆ ಎಂದರೆ ಹಿರಿಯಕ್ಕನಿಗೆ ನಾನೇ ಹೇಳಿಕೊಳ್ಳುತ್ತೇನೆ.

ಏಣಿ ಎರಡು ಮನೆಗಳನ್ನೂ ಒಟ್ಟಿಗೆ ಎತ್ತಿದ ಎಂದು ಬರೆದಿದ್ದೀಯ. ಅಂದರೆ ಗಡಿಯಾರದತ್ತೆ ಹೇಳಿದ್ದೂ ಭಾನುವಾರಕ್ಕೆ ಮುಂಚೆಯೇ. ಆಗ ನಿನ್ನ ಮನೆ ಎಲ್ಲಿತ್ತು ಹೇಳು? ಟ್ಯಾಂಕಿನ ಪಕ್ಕ. ಅವರು ತಮ್ಮ ಮನೆಯನ್ನು ಎಲ್ಲಿಡಲು ಹೇಳಿದರು? ಟ್ಯಾಂಕಿನ ಪಕ್ಕ. ಇನ್ನು ಕ್ಷೌರದಂಗಡಿಯವನ ಮೇಲೆ ಗೂಬೆ ಕೂರಿಸಬೇಡ. ಮಗಳ ಹೆರಿಗೆಗೆ ಎಂದು ಹೋದವನು ತಿಂಗಳು ಪೂರ್ತಿ ಊರಲ್ಲಿರಲಿಲ್ಲ. ಅವನೇ ನನಗೆ ಫೋನ್ ಮಾಡಿ ಮೊಮ್ಮಗುವಿನ ಸುದ್ದಿ ಹೇಳಿದ. ನೀನು ಹೇಳಿದ್ದು ಅವನು ಹೊರಡುವ ಗಡಿಬಿಡಿಯಲ್ಲಿ ಇರಬೇಕು, ಅದನ್ನು ಯಾರಿಗೂ ಹೇಳಲು ಅವನಿಗೆ ಹೊತ್ತೇ ಇರಲಿಲ್ಲ.

ಬಾಗಿಲಲ್ಲಿ ಇಬ್ಬರು ಎದುರಾದರೆ ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಇಬ್ಬರೂ ಒಂದೇ ಕಡೆ ಸರಿಯುತ್ತಾರಲ್ಲ, ಹಾಗೆ ಆಗಿದೆ. ಅವರು ಓಡಿಹೋಗಲಿಲ್ಲ. ನಿನ್ನ ಹತ್ತಿರ ಬಂದರು, ಅಷ್ಟರಲ್ಲಿ ನೀನು ಅವರ ಹತ್ತಿರ ಹೊರಟಿದ್ದೆ.

ನೀನು ಅಲ್ಲಾಡುವುದಿಲ್ಲ ಎನ್ನುತ್ತೀಯ. ಅವರೂ ಹಾಗೇ ಅಂದುಕೊಂಡರೆ ಇಬ್ಬರೂ ಎರಡು ತುದಿಯಲ್ಲಿ ಉಳಿಯುತ್ತೀರಿ. ಇಬ್ಬರೂ ಮನಸ್ಸು ಬದಲಾಯಿಸಿದರೆ ಮತ್ತೆ ಅದಲುಬದಲಾಗಿ ಮತ್ತೆ ಎರಡು ತುದಿ. ನಾನು ಎಷ್ಟು ಊರಿನ ನಕ್ಷೆ ಮಾಡಿದ್ದೇನೆ, ಇದಕ್ಕೆ ಕಾಗದದ ಮೇಲೆ ದಾರಿ ಕಾಣುತ್ತಿಲ್ಲ. ಒಬ್ಬರು ನಿಲ್ಲಬೇಕು, ಒಬ್ಬರು ಬರಬೇಕು, ಅದು ಇನ್ನೊಬ್ಬರಿಗೆ ಗೊತ್ತಿರಬೇಕು. ಅದಕ್ಕೆ ಬಾಯಿ ಬಿಟ್ಟು ಮಾತಾಡಬೇಕು.

ಅಮ್ಮಾ, ದಪ್ಪ ಗೋಡೆಯ ಹಿಂದೆ ನಿನ್ನನ್ನು ಒಬ್ಬಳೇ ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ. ನಿನ್ನ ಹೊಲಿಗೆ ಯಂತ್ರ ನಿಂತರೆ ಯಾರಿಗೆ ಕೇಳಬೇಕು?

ನಿನ್ನ ಮಗಳು


ಜುಲೈ 29

ಮಗಳೇ,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟಾಗಿದ್ದೆ. ಮೊದಲ ಸಲ ನಿನ್ನ ಮೇಲೇ ಆದೆ. ಏನೂ ಆಗಲಿಲ್ಲ, ನೋಡು. ಅನ್ನ ಮಾಡಿಕೊಂಡು ಉಂಡೆ.

ಆಮೇಲೆ ಕಡೇ ಭಾನುವಾರದ ಹಿಂದಿನ ದಿನ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಅವಳ ಮನೆಗೆ ಹೋದೆ. ನಾಲ್ಕು ಹೆಜ್ಜೆಯ ದಾರಿ. ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆಯೊಳಗೆ ಇಣುಕುತ್ತಿದ್ದಳು. ತಲೆ ಎತ್ತಿದಳು. ಕನ್ನಡಿಯ ಹಿಂದೆ ಒಂದು ಕಣ್ಣು ಇಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ಏನು?" ಅಂದಳು. ಇಷ್ಟು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ನಾಳೆ ನೀನು ಅಲ್ಲಾಡ್ಬೇಡ" ಅಂದೆ. "ಇದ್ದಲ್ಲೇ ಇರು. ನಾನು ಬರ್ತೀನಿ."

"ಏಣಿಗೆ ಆಗ್ಲೇ ಹೇಳಿ ಬಂದಾಯ್ತು" ಅಂದಳು. "ಬಸ್ ಸ್ಟಾಪ್ ಹತ್ರ ಇಡು ಅಂತ."

"ಯಾಕೆ?"

"ಅಲ್ಲಿ ನೀನಿದೀಯಲ್ಲ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅದರ ಮೇಲೆ ಯಾರದೋ ಅಲಾರಂ ಗಡಿಯಾರ ಇತ್ತು. ಅದು ಬಡಿದುಕೊಳ್ಳಲು ಶುರುಮಾಡಿತು, ಎದ್ದೆ. ಅವಳು ನಗಲಿಲ್ಲ. ನಾನೂ ನಗಲಿಲ್ಲ. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ.

"ಈ ಮಂಡಿ ಇಟ್ಕೊಂಡು ದಿಬ್ಬ ಹತ್ತೋಳು ನೀನು? ನೀನೇ ಅಲ್ಲಾಡ್ಬೇಡ, ನಾನು ಬರೋದು" ಅಂದಳು. "ನಿನಗೆ ಮೇಲೆ ಬೆಳಕು ಬೇಕು, ಗಡಿಯಾರದ ಕೆಲಸಕ್ಕೆ" ಅಂದೆ. "ನಿನಗೆ ಗಿರಾಕಿ ಬೇಡ್ವಾ?" ಅಂದಳು. ಇಷ್ಟು ವರ್ಷ ಮಾತು ಬಿಟ್ಟವರು ಆ ಮಧ್ಯಾಹ್ನ ಪೂರ್ತಿ ಯಾರು ಯಾರ ಹತ್ತಿರ ಬರಬೇಕು ಎಂದು ಜಗಳ ಆಡಿದೆವು. ಕೊನೆಗೆ ಅವಳೇ ಗೆದ್ದಳು. ನಾನು ಕೆಳಗೇ ನಿಂತೆ, ಅವಳು ಬಂದಳು.

ಹೊರಡುವಾಗ ರೈಲಿನ ವಿಷಯ ನಾನೇ ತೆಗೆದೆ. "ನನಗೆ ಮೊದಲೇ ಹೇಳಿದ್ರೆ ನಾನೇನು ಕಟ್ಟಿ ಹಾಕ್ತಿದ್ನಾ?" ಎಂದು ಕೇಳಿದೆ. ಅವಳು ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟಳು. "ನೀನು ಕಳಿಸ್ತಿದ್ದೆ. ನನಗೆ ಗೊತ್ತಿತ್ತು" ಅಂದಳು. "ಆದ್ರೆ ಅವಳು ನಿನ್ನ ಮುಖ ನೋಡಿದ್ದಿದ್ರೆ ಹೋಗ್ತಿರಲಿಲ್ಲ."

ಹೌದೋ ಅಲ್ಲವೋ ನಿನಗೇ ಗೊತ್ತು. ನನಗೆ ಉತ್ತರ ಬರೆಯಬೇಡ.

ಭಾನುವಾರ ಏಣಿ ಅವಳ ಮನೆಯನ್ನು ನನ್ನದಕ್ಕೆ ಅಂಟಿಸಿ ಇಟ್ಟ. ಇಟ್ಟು, ನೆಲದ ಮೇಲೆ ಕೂತೇಬಿಟ್ಟ ಪಾಪ. ಒಂದು ತಿಂಗಳಿಂದ ನಿದ್ದೆಗೆಟ್ಟವರ ಹಾಗಿದ್ದ. ದಿನಸಿ ಅಂಗಡಿಯವನ ಹೆಂಡತಿ ಶಿಳ್ಳೆ ಹೊಡೆದಳು, ಅವಳಿಗೆ ಶಿಳ್ಳೆ ಬರುತ್ತದೆಂದು ಅವಳ ಗಂಡನಿಗೇ ಗೊತ್ತಿರಲಿಲ್ಲ. ದಿಬ್ಬದ ಮೇಲೆ ನೀಲಿ ಮನೆ, ಪಕ್ಕದಲ್ಲಿ ಬಣ್ಣವಿಲ್ಲದ ಮನೆ. ನೋಡುತ್ತಾ ನಿಂತೆ, ಕಣ್ಣು ತುಂಬಿ ಬಂತು.

ಆಮೇಲೆ ಇಬ್ಬರೂ ಹೋಗಿ ಏಣಿಯನ್ನು ಹಿಡಿದುಕೊಂಡೆವು. "ನಮ್ಮ ಮಧ್ಯದ ಗೋಡೆ ತೆಳ್ಳಗೆ ಮಾಡು." ಆಗುವುದಿಲ್ಲವಂತೆ. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹಬ್ಬಬಾರದು, ತಂಪು ಬೆಚ್ಚಗೆ ಎಲ್ಲ ಆ ದಪ್ಪದಲ್ಲೇ ಇರುವುದಂತೆ. ನಾವಿಬ್ಬರೂ ಮುಖ ಇಳಿಬಿಟ್ಟೆವು. ಅವನು ಪೆನ್ಸಿಲ್ ಕಚ್ಚುತ್ತಾ ಯೋಚಿಸಿದ. "ಯೋಚನೆ ಮಾಡ್ತೀನಿ, ಟೈಮ್ ಕೊಡಿ" ಅಂದ.

ಇಂತಿ,
ನಿನ್ನ ಅಮ್ಮ


ಅಕ್ಟೋಬರ್ 3

ಮಗಳೇ,

ಮರದ ಮನೆ ಅಂಟಿಸಿಟ್ಟು ಒಂದು ವರ್ಷ ಕಳೆದು ಮೇಲೆ ಎರಡು ತಿಂಗಳಾಯಿತು. ಅದೇ ಜಾಗದಲ್ಲಿ, ನಿಜವಾದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಈ ಸಲವೂ ಹೊಳೆ ಬಂತು. ಹಳೇ ಬೀದಿಯ ತುಂಬ ನಿಂತು, ಜೊಂಡಿನಲ್ಲಿ ಅಡ್ಡಾಡಿ, ಯಾರನ್ನೂ ಏಳಿಸದೆ ಹೋಯಿತು. ದಿಬ್ಬದ ಮೇಲೆ ನಿಂತು ಎಲ್ಲರೂ ನೋಡಿದೆವು. ಮೇಷ್ಟ್ರು ಮಾತ್ರ ಅತ್ತರು. ಅವರ ಹಿಂದೆ ದಿನಸಿ ಅಂಗಡಿಯವನು ನಿಂತು ಬೆನ್ನು ತಟ್ಟುತ್ತಿದ್ದ, ಕೊನೆಗೂ ಪಕ್ಕದ ಮನೆಯನ್ನೇ ಗಿಟ್ಟಿಸಿಕೊಂಡಿದ್ದಾನೆ.

ಮನೆ ಸಣ್ಣದು, ಒಪ್ಪವಾಗಿದೆ. ಬಾಗಿಲ ಮುಂದೆ ನೆರಳಿನ ಜಗಲಿ, ಮಾಡಿನ ನೀರೆಲ್ಲ ಕೊಳಕ್ಕೆ ಹೋಗುತ್ತದೆ. ಬಸ್ ಕಾಯುವವರು ಜಗಲಿಯಲ್ಲಿ ಕೂರುತ್ತಾರೆ, ಕೂತವರು ಹರಿದ ಜೇಬು ತೋರಿಸುತ್ತಾರೆ, ನನಗೆ ಕೈತುಂಬ ಕೆಲಸ. ಬಾಗಿಲನ್ನು ಏಣಿ ತನ್ನ ಅಳತೆಗೆ ಮಾಡಿಸಿದ್ದಾನೆ, ಕಳ್ಳ.

ಗೋಡೆ ದಪ್ಪವೇ ಇದೆ. ಆದರೆ ನನ್ನ ಹೊಲಿಗೆ ಯಂತ್ರದ ಪಕ್ಕ, ಅವಳ ಗಡಿಯಾರದ ಮೇಜಿನ ಎದುರು, ಗೋಡೆಯಲ್ಲಿ ಒಂದು ಪುಟ್ಟ ಕಿಂಡಿ ಬಿಟ್ಟಿದ್ದಾನೆ. ಬೆಂಕಿ ದಾಟದಂಥ ಗಟ್ಟಿ ಬಾಗಿಲು ಅದಕ್ಕೆ. ಅದನ್ನು ಕೂರಿಸುವಾಗ, "ಚಿಲಕ ಯಾವ ಕಡೆ ಇಡ್ಲಿ?" ಎಂದು ಕೇಳಿದ. "ನನ್ನ ಕಡೆ ಬೇಡ" ಅಂದೆ. ಆಚೆ ಕಡೆಯಿಂದ ಅವಳೂ "ಈ ಕಡೆಗೂ ಬೇಡ" ಅಂದಳು. ಕೆಲಸಕ್ಕೆ ಕೂತಾಗ ತೆರೆದೇ ಇಡುತ್ತೇವೆ. ಗಡಿಯಾರಗಳು ಮೊದಲಿನ ಹಾಗೇ ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುತ್ತವೆ. ಬೈದರೆ ಈಗ ಉತ್ತರ ಬರುತ್ತದೆ.

ಒಂದು ಕೋಣೆ ಹೆಚ್ಚಿಗೆ ಕೇಳಿದ್ದೆ, ಬೆಳಗಿನ ಬಿಸಿಲು ಬೀಳುವಂಥದ್ದು. "ಯಾರಿಗೆ?" ಅಂದ ಏಣಿ. "ಬಂದಾಗ ಚೀಲ ಬಿಚ್ಚದೆ ಮಾರನೇ ದಿನವೇ ಓಡುವವಳಿಗೆ" ಅಂದೆ. ಅವನು ಗೋಡೆಗೆ ಒಂದು ಕಪಾಟೂ ಮಾಡಿಸಿಬಿಟ್ಟ, ಚೀಲ ಬಿಚ್ಚಲೇಬೇಕಾಗುವ ಹಾಗೆ.

ಪೆಟ್ಟಿಗೆಯಲ್ಲಿದ್ದ ಬೂದು ಬಟ್ಟೆ ಹೊರಗೆ ತೆಗೆದಿದ್ದೇನೆ. ಮಡಿಕೆಯ ಗೆರೆ ಬಿಟ್ಟರೆ ಹೊಸದರ ಹಾಗೇ ಇದೆ. ಕತ್ತರಿಸಲು ಕೂತರೆ, ನನ್ನ ಬಳಿ ಇರುವುದು ನೀನು ಹೋಗುವ ಮುಂಚಿನ ಅಳತೆ. ಅಷ್ಟು ಸಣ್ಣ ಭುಜ ಈಗೆಲ್ಲಿರುತ್ತದೆ? ಕಿಂಡಿಯಲ್ಲಿ ಇಣುಕಿ ಅವಳು, "ಅಂದಾಜಿನಲ್ಲಿ ಕತ್ತರಿಸ್ಬೇಡ, ಕರೆಸು ಅವಳನ್ನ" ಅಂದಳು. ಅದಕ್ಕೇ ಈ ಕಾಗದ.

ಬಾ. ಯಾವ ದಿನ, ಯಾವ ರೈಲು ಎಂದು ಮೊದಲೇ ಬರೆಯಬೇಕೆಂದಿಲ್ಲ. ಹೇಳದೆ ಹೋದವಳು, ಹೇಳದೆ ಬಂದರೂ ನಡೆಯುತ್ತದೆ.

ಇಂತಿ,
ನಿನ್ನ ಅಮ್ಮ